ಗುರುಸಿದ್ದನ ನಾಡಿ ನಿಂತ ಸಂಗತಿ

ಸತ್ತವನಿಗೆ ಅಂಗಾಲು ತುರಿಸುತ್ತದೆಯೇ? ತುರಿಸುವುದಿಲ್ಲ ಎಂದು ಖಾತ್ರಿಯಾಗಿ ಹೇಳುವವರಾದರೂ ಯಾರು? ಸತ್ತವನೇ ಎದ್ದು ಬಂದು ಹೇಳಬೇಕಷ್ಟೆ. ಹಾಗೆ ಬಂದವನು ಯಾರೂ ಇಲ್ಲ. ಅಥವಾ ಬಂದಿದ್ದಾನೆ, ಬಂದವನೇ ತಾನು, ಬಂದದ್ದು ತನಗೇ ಗೊತ್ತಾಗಿಲ್ಲ. ಮನೆಯ ಕಟ್ಟೆಯ ಮೇಲೆ ಕೂತು ಎಡಗಾಲನ್ನು ತುರಿಸಿಕೊಳ್ಳುತ್ತ ಗುರುಸಿದ್ದ ಈ ವಿಚಾರವನ್ನು ಮೂರನೆಯ ಸಲ ಮೊದಲಿನಿಂದ ಹಿಡಿದಿದ್ದ. ಹೆಂಡತಿ ರತ್ನಾಬಾಯಿ ಅವನ ಮೂಗಿನ ಕೆಳಗೆ ಕನ್ನಡಿ ಹಿಡಿದು ನಿಂತಿದ್ದಳು.

“ಉಸಿರು ಬಿಡ್ರಿ.”

“ಬಿಡಾಕತ್ತೇನಿ.”

“ಜೋರ ಬಿಡ್ರಿ. ಕನ್ನಡಿ ಮಂಜಾಗವಲ್ದು.”

“ಇಂಥಾ ಬಿಸಲಾಗ ಕನ್ನಡಿ ಹೆಂಗ ಮಂಜಾಕ್ಕೈತಿ?”

ಅದೂ ಹೌದೆನಿಸಿ ರತ್ನಾಬಾಯಿ ಕನ್ನಡಿಯನ್ನು ತನ್ನ ಮೂಗಿಗೆ ಹಿಡಿದು ನೋಡಿಕೊಂಡಳು. ಅಲ್ಲಿಯೂ ಮಂಜಾಗಲಿಲ್ಲ. ಅವಳು ಒಳಗೆ ಹೋಗಿ, ಕನ್ನಡಿಯನ್ನು ಅದರ ಮೊಳೆಗೆ ತೂಗುಹಾಕಿ, ಮುಖವನ್ನು ಗೋಡೆಯ ಕಡೆ ತಿರುಗಿಸಿಟ್ಟಳು.

ಆದದ್ದು ಇಷ್ಟು. ಅವತ್ತು ಮುಂಜಾನೆ ಬನಹಟ್ಟಿಯ ಅಣ್ಣಾಸಾಹೇಬರ ಮಗ್ಗದ ಶೆಡ್ಡಿನ ಅಂಗಳದಲ್ಲಿ ನೇಕಾರರ ಆರೋಗ್ಯ ತಪಾಸಣೆ ಏರ್ಪಟ್ಟಿತ್ತು. ಗುರುಸಿದ್ದ ಆ ಶೆಡ್ಡಿನಲ್ಲಿ ನಾಲ್ಕು ವಿದ್ಯುತ್ ಮಗ್ಗ ನೋಡಿಕೊಳ್ಳುವವನು. ವಯಸ್ಸು ನಲವತ್ತೇಳು. ಇಪ್ಪತ್ತೊಂಬತ್ತು ವರ್ಷ ಮಗ್ಗಗಳ ಗದ್ದಲದಲ್ಲಿ ನಿಂತು, ಎದುರಿನವರ ಮಾತು ಪೂರ್ತಿ ಕೇಳಿಸದೆ, ಯಾರು ಏನೇ ಅಂದರೂ ‘ಹೌದ್ರಿ’ ಎನ್ನುವ ಗುಣ ಅವನಿಗೆ ಬಂದಿತ್ತು. ಸೂಜಿ ಕಂಡರೆ ಮೈಯೆಲ್ಲ ಬಿಗಿಹಿಡಿಯುವ ಗುಣವೂ ಇತ್ತು. ಅದಕ್ಕೂ ಮಗ್ಗಕ್ಕೂ ಸಂಬಂಧವಿಲ್ಲ. ಅದು ಅವನ ಸ್ವಂತದ್ದು.

ಮೇಜಿನ ಮೇಲೆ ಸೂಜಿ ಇತ್ತು. ನರ್ಸ್ ಮಧುಮತಿ ಅವನ ಎಡಗೈ ಮಣಿಕಟ್ಟು ಹಿಡಿದಳು. ಬೆರಳು ಸರಿಸಿದಳು. ಮತ್ತೆ ಸರಿಸಿದಳು. ತೋಳಿಗೆ ಪಟ್ಟಿ ಸುತ್ತಿ ಬೀಪಿ ಮಷಿನ್ ಹಚ್ಚಿದಳು. ಮಷಿನ್ ಒಂದಿಷ್ಟು ಗೊರಗುಟ್ಟಿ, ಅಂಕಿಯ ಬದಲು ಒಂದು ಅಡ್ಡಗೆರೆ ತೋರಿಸಿ ಸುಮ್ಮನಾಯಿತು. ಮಧುಮತಿ ಮೆಲ್ಲಗೆ ತಲೆಯೆತ್ತಿದಳು.

“ಕಾಕಾ, ನಾ ನಿಮಗ ಕಾಣಾಕತ್ತೇನಿಲ್ರಿ?”

“ಹೌದ್ರಿ.”

“ನನ್ನ ಮಾತು ಕೇಳಾಕತ್ತಾವಲ್ರಿ?”

“ಹೌದ್ರಿ.”

“ನಿಮಗ ನಾಡಿ ಇಲ್ರಿ.”

“ಹೌದ್ರಿ,” ಎಂದ ಗುರುಸಿದ್ದ.

ಮಧುಮತಿ ಡಾಕ್ಟರರನ್ನು ಕರೆಯಲು ಓಡಿದಳು. ಅವರು ಬಂದು ಹಿಡಿಯುವ ಹೊತ್ತಿಗೆ ಸೂಜಿ ಕಣ್ಮರೆಯಾಗಿತ್ತು, ನಾಡಿ ಎಂಭತ್ತೆರಡು ಇತ್ತು. ಹುಡುಗಿ ಬಿಸಿಲಿಗೆ ದಣಿದಿದ್ದಾಳೆ ಎಂದು ಡಾಕ್ಟರು ಅವಳಿಗೇ ಒಂದು ಗ್ಲಾಸು ನೀರು ಕುಡಿಸಿದರು. ಸಂಗತಿ ಅಲ್ಲಿಗೇ ಮುಗಿಯಬೇಕಿತ್ತು. ಆದರೆ ಸಾಲಿನಲ್ಲಿ ಗುರುಸಿದ್ದನ ಹಿಂದೆ ನಿಂತದ್ದು ಯಲ್ಲವ್ವ. ಅವನ ಪಕ್ಕದ ಮನೆಯವಳು. ಸಾವಿರ ಮಗ್ಗ ಒಟ್ಟಿಗೆ ಹೊಡೆಯುವಾಗಲೂ ಓಣಿಯ ಆ ತುದಿಗೆ ಕೇಳುವ ಗಂಟಲು ಇಡೀ ಬನಹಟ್ಟಿಯಲ್ಲಿ ಅವಳೊಬ್ಬಳದೇ.

“ನಾಡಿ ಇಲ್ರಿ ಅಂದ್ಲು. ಹೌದ್ರಿ ಅಂದ! ನಿಮಗ ಯಾರಿಗರೆ ನಾಡಿ ಇಲ್ಲ ಅಂದ್ರ ಇಷ್ಟ ಸಮಾಧಾನಲೆ ಹೌದ್ರಿ ಅಂತೀರೇನು? ಬೊಬ್ಬಿ ಹೊಡೀತೀರಿ. ಅಂವಗ ಮೊದಲ ಗೊತ್ತಿತ್ತು. ತಾನ ನಿಂದರಿಸಿದ್ದ! ಇಪ್ಪತ್ತು ವರ್ಷ ಆತು, ಒಮ್ಮೆರೆ ಎದುರ ಮಾತಾಡ್ಯಾನೇನು? ಹೆಂಡತಿಗಿ ಅಂಜತಾನ ಅಂತ ನಾ ತಿಳದಿದ್ನಿ. ಅಲ್ಲ, ಒಳಗ ಯೋಗ ನಡಸಿದ್ದ.”

ಹೊತ್ತು ಇಳಿಯುವುದರೊಳಗೆ ಸುದ್ದಿ ರಬಕವಿ ದಾಟಿತ್ತು. ನಿನ್ನೆಯವರೆಗೂ ‘ಏನ್ಲೇ’ ಎನ್ನುತ್ತಿದ್ದವರು ‘ಏನ್ರಿ’ ಎನ್ನತೊಡಗಿದರು, ಅಂದ ಮೇಲೆ ಎರಡು ಹೆಜ್ಜೆ ದೂರವೂ ನಿಂತರು. ಮರುದಿನ ಮಾಲೀಕ ಅಣ್ಣಾಸಾಹೇಬರು ಹಾಜರಿ ಪುಸ್ತಕವನ್ನು ತಾವೇ ಹಿಡಿದುಕೊಂಡು ಬಂದರು.

“ಗುರುಸಿದ್ದಪ್ಪಾ, ಒಂದು ಮಾತು ಕೇಳ್ತೇನಿ, ಸಿಟ್ಟಾಗಬ್ಯಾಡ. ನೀ ಬದಕಿದ್ರ ಇಲ್ಲಿ ಸಹಿ ಮಾಡು. ಇಲ್ಲಂದ್ರ ಮಾಡಬ್ಯಾಡ. ನಾಳೆ ಯಾರರೆ ಸಾಹೇಬರು ಬಂದು, ಸತ್ತವನ ಕೈಲೆ ದುಡಿಸಾಕತ್ತೀರೇನು ಅಂದ್ರ ನನಗ ತ್ರಾಸು.”

ಗುರುಸಿದ್ದ ಬಹಳ ಹೊತ್ತು ಯೋಚಿಸಿ ಪೆನ್ಸಿಲ್ಲಿನಿಂದ ಸಹಿ ಮಾಡಿದ.

ಮುಧೋಳದಿಂದ ಒಬ್ಬ ತನ್ನ ಬೇಟೆನಾಯಿಯನ್ನು ಮೋಟಾರ್ ಸೈಕಲ್ಲಿನ ಮೇಲೆ ಕೂರಿಸಿಕೊಂಡು ಬಂದ. ಜೀವ ಇರುವುದಕ್ಕೂ ಇಲ್ಲದ್ದಕ್ಕೂ ನಾಯಿಗೆ ವಾಸನೆಯಲ್ಲೇ ವ್ಯತ್ಯಾಸ ತಿಳಿಯುತ್ತದೆ, ಸರಕಾರಿ ಡಾಕ್ಟರಿಗಿಂತ ನಾಯಿ ಮೇಲು ಎಂದು ಅವನ ವಾದ. ಓಣಿಯೆಲ್ಲ ಸೇರಿತು. ಕಡ್ಡಿಯಂಥ ಕಾಲಿನ ಆ ನಾಯಿ ಗುರುಸಿದ್ದನನ್ನು ಅಡಿಯಿಂದ ಮುಡಿಯವರೆಗೆ ಮೂಸಿತು. ಬೊಗಳಲಿಲ್ಲ, ಬಾಲ ಆಡಿಸಲಿಲ್ಲ. ಹಿಂದೆ ಸರಿದು, ಅವನನ್ನು ಬಿಟ್ಟು ಅವನ ಬೆನ್ನ ಹಿಂದಿನ ಖಾಲಿ ಗೋಡೆಯನ್ನು ನೋಡುತ್ತ ಕುಳಿತಿತು. ಯಜಮಾನ ಎಷ್ಟು ಜಗ್ಗಿದರೂ ಕಣ್ಣು ಕೀಳಲಿಲ್ಲ. ಜನ ಒಬ್ಬೊಬ್ಬರಾಗಿ ಕರಗಿದರು. ಕೊನೆಗೆ ಗುರುಸಿದ್ದನೂ ತಿರುಗಿ ಗೋಡೆ ನೋಡಿದ. ಗೋಡೆ ಗೋಡೆಯಾಗಿಯೇ ಇತ್ತು. ಆದರೂ ಅವನು ಆ ಗೋಡೆಗೆ ಒರಗಿ ಕೂರುವುದನ್ನು ಅಂದಿನಿಂದ ಬಿಟ್ಟ.

ಮೂರನೆಯ ದಿನ ಅವನು ಮಗ್ಗಕ್ಕೆ ಹೋದ. ಬನಹಟ್ಟಿಯಲ್ಲಿ ಕರೆಂಟ್ ಹೋದರೆ ಕತ್ತಲಾಗುವುದಿಲ್ಲ, ಮೌನವಾಗುತ್ತದೆ. ಊರಿನ ಮಗ್ಗಗಳೆಲ್ಲ ಒಂದೇ ಹೊಡೆತಕ್ಕೆ ನಿಲ್ಲುತ್ತವೆ. ಮಾತಾಡುತ್ತಿದ್ದವರು ತಾವು ಕೂಗುತ್ತಿದ್ದೆವೆಂದು ಆಗ ತಿಳಿದು ಬಾಯಿ ಮುಚ್ಚುತ್ತಾರೆ. ಆ ಮಧ್ಯಾಹ್ನ ಅಂಥ ಮೌನ ಬಿದ್ದಾಗ ಗುರುಸಿದ್ದ ಅಂಜುತ್ತ ತನ್ನ ಎಡಗೈ ನಾಡಿಯನ್ನು ತಾನೇ ಮುಟ್ಟಿ ನೋಡಿಕೊಂಡ.

ಇರಲಿಲ್ಲ.

ಶೆಡ್ಡಿನಲ್ಲಿ ನೂಲಿನ ಧೂಳು ಬಿಸಿಲಕೋಲಿನಲ್ಲಿ ನಿಂತಲ್ಲೇ ನಿಂತಿತ್ತು. ಅವನು ಗಟ್ಟಿಯಾಗಿ ಮುದುಡಿಕೊಂಡ. ಆಮೇಲೆ ಹಣೆಯ ಬೆವರು ಒರೆಸಲೆಂದು ಎಡಗೈ ಎತ್ತಿದ. ಕಂಕುಳಿಂದ ಕಂಡಿಕೆ ಟಕ್ಕೆಂದು ನೆಲಕ್ಕೆ ಬಿತ್ತು. ಲಾಳಿಯೊಳಗೆ ಕೂರಿಸುವ, ನೂಲು ಸುತ್ತಿದ ಕಟ್ಟಿಗೆಯ ಕಂಡಿಕೆ. ಬೇಸಿಗೆಯಲ್ಲಿ ರೇಯಾನ್ ನೂಲು ಒಣಗಿ ಪಟಪಟ ಹರಿಯುತ್ತದೆಂದು ಮುಂದಿನ ಕಂಡಿಕೆಯನ್ನು ಕಂಕುಳಲ್ಲಿ ಇಟ್ಟುಕೊಂಡು ಮೈಬೆವರಿನಲ್ಲಿ ಹದ ಮಾಡುವುದು ಕೈಮಗ್ಗದ ಕಾಲದ ರೂಢಿ. ಈಗ ಹಾಗೆ ಮಾಡುವವನು ಇವನೊಬ್ಬನೇ. ನೀರು ಚಿಮುಕಿಸಿದರೆ ಸಾಕೆನ್ನುವ ಪ್ರಾಯದವರು ನಗುತ್ತಿದ್ದರು. ಅದು ಕಂಕುಳಲ್ಲಿ ಇದೆಯೆಂಬುದೇ ಅವನಿಗೆ ಮರೆತುಹೋಗುತ್ತಿತ್ತು. ಸೂಜಿ ಕಂಡು ಮೈ ಬಿಗಿಹಿಡಿದ ದಿನವೂ ಅದು ಅಲ್ಲೇ ಇತ್ತು.

ಮತ್ತೆ ಮುಟ್ಟಿದ. ನಾಡಿ ಟಿಕ್ ಟಿಕ್ ಎನ್ನುತ್ತಿತ್ತು. ಕಂಡಿಕೆಯನ್ನು ಕಂಕುಳಿಗೆ ಸಿಕ್ಕಿಸಿ ಬಿಗಿಹಿಡಿದ. ಹೋಯಿತು. ಸಡಿಲಿಸಿದ. ಬಂತು.

ಗುರುಸಿದ್ದ ಜೀವಂತವಿದ್ದ! ಈ ಶುಭ ಸಮಾಚಾರವನ್ನು ಯಲ್ಲವ್ವನೊಬ್ಬಳಿಗೆ ಹೇಳಿದರೆ ನಾಲ್ಕು ತಾಲೂಕಿಗೆ ಹೇಳಿದಂತೆ ಎಂದು ಲೆಕ್ಕ ಹಾಕಿ ಅವನು ನೆಟ್ಟಗೆ ಅವಳ ಮನೆಗೇ ನಡೆದ. ಅವಳೇ ಬಾಗಿಲಲ್ಲಿ ಎದುರಾದಳು. ಅವಳ ಗಂಟಲು ಎಂದೂ ಇಲ್ಲದಷ್ಟು ಸಣ್ಣಗಿತ್ತು.

“ಛಲೋ ಆತು ಬಂದ್ರಿ. ಅಪ್ಪ ಕರ್ಯಾಕತ್ತಾನು.”

ಯಲ್ಲವ್ವನ ಅಪ್ಪ ಚನಮಲ್ಲಪ್ಪ, ಗುರುಸಿದ್ದನಿಗೆ ಮಗ್ಗ ಕಲಿಸಿದ ಗುರು. ಎಂಭತ್ತರ ಹತ್ತಿರ. ಎದೆ ಸೋತಿದೆ, ಮನೆಗೆ ಕರೆದೊಯ್ಯಿರಿ ಎಂದು ಜಮಖಂಡಿಯ ಡಾಕ್ಟರು ಹೇಳಿ ಹತ್ತೊಂಬತ್ತು ದಿನವಾಗಿತ್ತು. ಆ ಹತ್ತೊಂಬತ್ತು ದಿನವೂ ಮುದುಕ ಮಲಗಿರಲಿಲ್ಲ. ಕಣ್ಣು ಮುಚ್ಚಿದರೆ ಎದೆ ನಿಲ್ಲುತ್ತದೆಂಬ ಭಯ. ಗೋಡೆಗೆ ಬೆನ್ನು ಕೊಟ್ಟು, ಮಂಚದ ಅಂಚನ್ನು ಎರಡೂ ಕೈಯಿಂದ ಹಿಡಿದು, ಹೊಳೆ ದಾಟುವ ದೋಣಿಯಲ್ಲಿ ಕೂತವನಂತೆ ಕೂತಿದ್ದ. ಮಗಳನ್ನು ಹೊರಗೆ ಕಳಿಸಿ ಕೇಳಿದ:

“ನಿಂತಿತ್ತಂತಲ್ಲೋ?”

“ಅದು ಕಾಕಾ, ಖರೆ ಹೇಳಬೇಕಂದ್ರ...”

“ನಿಂತಾಗ ನೋವಾತೇನು?”

ಗುರುಸಿದ್ದ ಕಂಡಿಕೆಯ ಮಾತು ಹೇಳಲು ಬಾಯಿ ತೆರೆದ. ಮುದುಕನ ಕಣ್ಣು ನೋಡಿದ.

“ಇಲ್ಲ ಕಾಕಾ.”

“ಕತ್ತಲಿ ಇತ್ತೇನು?”

“ಇಲ್ಲ. ಕರೆಂಟ್ ಹೋದಾಗ ಆಕ್ಕೈತೆಲ್ಲ, ಹಂಗ. ಗದ್ಲ ನಿಂತಿತು. ಅಷ್ಟ.”

“ಅಷ್ಟನ?”

“ಅಷ್ಟ.”

“ತೋರಸು.”

ಕಂಡಿಕೆ ಕಂಕುಳಲ್ಲಿಯೇ ಇತ್ತು. ಗುರುಸಿದ್ದ ಕೈ ಚಾಚಿ ಬಿಗಿಹಿಡಿದ. ಮುದುಕ ಮಣಿಕಟ್ಟು ಹಿಡಿದು ಕಾದ, ಮತ್ತೆ ನಾಡಿ ಬರುವುದನ್ನೂ ಕಾದ. ಆಮೇಲೆ ಸದ್ದಿಲ್ಲದೆ ನಕ್ಕ. ಹಿಡಿದ ಕೈ ಬಿಡುವ ಮೊದಲೇ ಗೊರಕೆ ಹೊಡೆಯತೊಡಗಿದ.

ಅಂದಿನಿಂದ ದಿನಾ ಮಧ್ಯಾಹ್ನ ಊಟದ ಬಿಡುವಿನಲ್ಲಿ ಗುರುಸಿದ್ದ ಮುದುಕನೆದುರು ಹೀಗೆ ಒಂದು ಸಲ ಸತ್ತು ಹುಟ್ಟಿ ಬರುತ್ತಿದ್ದ. ಮುದುಕ ಮಲಗುತ್ತಿದ್ದ. ಕಂಡಿಕೆಯ ಸಂಗತಿ ಹೆಂಡತಿಗೂ ಹೇಳುವಂತಿರಲಿಲ್ಲ. ರತ್ನಾಬಾಯಿ ಅವನ ತಾಟಿಗೆ ರೊಟ್ಟಿಯನ್ನು ದೂರದಿಂದ ಜಾರಿಸುತ್ತಿದ್ದಳು.

ಹೀಗಿರುವಾಗ ಜಮಖಂಡಿಯಿಂದ ಸದಾಶಿವ ಮಾಸ್ತರರು ಬಂದರು. ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ನಿವೃತ್ತರಾದ ಮೇಲೆ, ಮೈಮೇಲೆ ಅದ್ಭುತ ಹಿಡಿತವಿದೆ ಎನ್ನುವವರನ್ನು ಹುಡುಕಿ ಪರೀಕ್ಷಿಸುವುದೇ ಅವರ ಕೆಲಸ. ಬೀಳಗಿ ಕಡೆ ಒಂಬತ್ತು ವರ್ಷದಿಂದ ಅನ್ನ ಬಿಟ್ಟವನೊಬ್ಬನ ಕೌದಿಯ ಮಡಿಕೆಯಲ್ಲಿ ಹದಿನಾಲ್ಕು ಶೇಂಗಾ ಹೋಳಿಗೆ ಹಿಡಿದವರು ಅವರು. ಲೋಕಾಪುರದಲ್ಲಿ ಕುದಿಯುವ ಎಣ್ಣೆಗೆ ಕೈ ಹಾಕುವವನೆದುರು ಕೂತು, ಎಣ್ಣೆಗೆ ಥರ್ಮಾಮೀಟರ್ ಅದ್ದಿ ನಲವತ್ತೆರಡು ಡಿಗ್ರಿ ಎಂದು ಸಾರಿ, ಅದೇ ಎಣ್ಣೆಯಲ್ಲಿ ತಮ್ಮ ಮೀಸೆ ತಿದ್ದಿಕೊಂಡು ಎದ್ದವರು. ಬಗಲಚೀಲ, ಸ್ಟಾಪ್‌ವಾಚು, ಬೂದಿಬಣ್ಣದ ಒಂದು ದಪ್ಪ ವಹಿ.

“ನಾ ಯಾರನ್ನೂ ಮೊದಲ ಸುಳ್ಳ ಅನ್ನಂಗಿಲ್ಲ,” ಎಂದರು. “ನೋಡ್ತೀನಿ. ಇದ್ದದ್ದು ಅದ ಅಂತೀನಿ, ಇಲ್ಲದ್ದು ಇಲ್ಲ ಅಂತೀನಿ.”

“ನಮ್ಮನ್ಯಾಗ ಆಗಲಿ,” ಎಂದು ಯಲ್ಲವ್ವ ಓಣಿಗೆಲ್ಲ ಕೇಳುವಂತೆ ಸಾರಿದಳು. “ಅಪ್ಪನೂ ನೋಡ್ಲಿ.”

ಮುದುಕ ಮಾಸ್ತರರನ್ನು ಮಂಚದ ಹತ್ತಿರ ಕರೆದ. “ಮಾಸ್ತರ, ನೀವು ಸುಳ್ಳ ಹೇಳಂಗಿಲ್ಲಂತ ಕೇಳೇನಿ. ನನ್ನ ಕೈಬಟ್ಟು ಬಾತಾವು, ಅವುನ್ನ ನಾ ನಂಬಂಗಿಲ್ಲ. ನೀವು ಹಿಡಿದು ಹೇಳ್ರಿ. ನಿಂತೈತಿ ಅಂದ್ರ ನಾ ಆರಾಮ. ಇಲ್ಲಂದ್ರ...” ಅಷ್ಟಕ್ಕೇ ನಿಲ್ಲಿಸಿದ. ಕೈಗಳು ಮತ್ತೆ ಮಂಚದ ಅಂಚು ಹಿಡಿದವು.

ಗುರುಸಿದ್ದನನ್ನು ಮಾಸ್ತರರು ಒಳಗಿನ ಕೋಣೆಗೆ ಕರೆದೊಯ್ದು, ಜೋಳದ ಚೀಲಗಳ ನಡುವೆ ನಿಲ್ಲಿಸಿ ಬಾಗಿಲು ಹಾಕಿದರು.

“ಅಂಗಿ ತಗಿ. ಎರಡೂ ಕೈ ಮ್ಯಾಲ ಎತ್ತು.”

ಕಂಡಿಕೆ ಬಿತ್ತು. ಬಿದ್ದದ್ದು ಸುಮ್ಮನಿರದೆ ಕೆಂಪು ನೂಲು ಬಿಚ್ಚುತ್ತ, ಹೊರಗೆ ಜನ ಕಾಯುತ್ತಿದ್ದ ಬಾಗಿಲ ಕಡೆಗೇ ಉರುಳಿತು. ಮಾಸ್ತರರು ಹೊಸ್ತಿಲಲ್ಲಿ ಅದರ ಮೇಲೆ ಕಾಲಿಟ್ಟರು.

“ನಿಂಬಿಹಣ್ಣು ಇರ್ತದ ಅಂದ್ಕೊಂಡಿದ್ದೆ,” ಎಂದರು. “ಕಂಡಿಕಿ ಹೊಸಾದು.”

ಗುರುಸಿದ್ದ ಪಿಸುಗುಟ್ಟುತ್ತ ಎಲ್ಲವನ್ನೂ ಹೇಳಿದ. ಸೂಜಿ, ಯಲ್ಲವ್ವ, ನಾಯಿ, ಮುದುಕನ ಹತ್ತೊಂಬತ್ತು ದಿನ. “ಇವತ್ತೊಂದಿನ ನಿಂತೈತಿ ಅನ್ರಿ. ನಾಳಿಂದ ನಾನ ಡಂಗುರ ಹೊಡೀತೇನಿ, ಸುಳ್ಳ ಅಂತ.”

“ನಾ ಇವತ್ತ ಒಂದು ಸುಳ್ಳ ಹೇಳಿದ್ರ ಬೀಳಗಿಯಂವನ ಉಪವಾಸನೂ ಖರೆ ಆಗ್ತದಪಾ.”

“ಒಬ್ಬ ಮುದುಕ ನಿದ್ದಿ ಮಾಡಾಕತ್ತಾನ್ರಿ.”

“ನಿದ್ದಿಗೆ ಗುಳಿಗಿ ಅದಾವ.” ಮಾಸ್ತರರು ಕಂಡಿಕೆಯನ್ನು ಚೀಲಕ್ಕೆ ಹಾಕಿ ಬಾಗಿಲು ತೆರೆದರು.

ಬರಿ ಮೈಯಲ್ಲಿ, ಕೈಗಳನ್ನು ದೂರ ಚಾಚಿ, ಹೊಲದ ಬೆದರುಬೊಂಬೆಯಂತೆ ಗುರುಸಿದ್ದ ನಡುಮನೆಯಲ್ಲಿ ನಿಂತ. ಬಾಗಿಲಲ್ಲಿ, ಕಿಟಕಿಯಲ್ಲಿ, ಮಾಡದ ಬೆಳಕಿಂಡಿಯಲ್ಲಿ ಮುಖಗಳು. ಮಾಸ್ತರರು ಎಡಗೈಯಲ್ಲಿ ಸ್ಟಾಪ್‌ವಾಚು ಹಿಡಿದು, ಬಲಗೈಯ ಮೂರು ಬೆರಳನ್ನು ಅವನ ಮಣಿಕಟ್ಟಿನ ಮೇಲಿಟ್ಟರು. ಗುರುಸಿದ್ದನ ಎದೆ ನಾಲ್ಕು ಮಗ್ಗ ಒಟ್ಟಿಗೆ ಹೊಡೆದಂತೆ ಹೊಡೆಯುತ್ತಿತ್ತು.

ಆಗ ಕರೆಂಟ್ ಹೋಯಿತು.

ಊರು ನಿಂತಿತು. ಆ ಮೌನದಲ್ಲಿ ತನ್ನ ಎದೆಯ ಸದ್ದು ಕಿವಿಯಲ್ಲಿ, ಹಲ್ಲಿನ ಬುಡದಲ್ಲಿ, ಕಣ್ಣಗುಡ್ಡೆಯ ಹಿಂದೆ ಕೇಳುವಾಗ, ಬಾಗಿಲಲ್ಲಿದ್ದವರಿಗೂ ಅದು ಕೇಳುತ್ತಿರಬೇಕೆಂದು ಗುರುಸಿದ್ದ ತಲೆ ತಗ್ಗಿಸಿದ. ಮಾಸ್ತರರ ಹುಬ್ಬು ಗಂಟಿಕ್ಕಿತು. ಬೆರಳು ಸರಿಸಿದರು. ಒತ್ತಿದರು. ಕಣ್ಣು ಮುಚ್ಚಿ ಹಿಡಿದರು. ಮುಖದ ಬಣ್ಣ ಮೆಲ್ಲಗೆ ಇಳಿಯುತ್ತ ಬಂತು. ಸ್ಟಾಪ್‌ವಾಚು ಕಟ್ ಎಂದಿತು.

“ಏನ್ರಿ ಮಾಸ್ತರ?” ಮಂಚದಿಂದ ಧ್ವನಿ.

ಮಾಸ್ತರರ ತುಟಿ ಎರಡು ಸಲ ಅಲುಗಿದ ಮೇಲೆ ಮಾತು ಬಂತು.

“ನಿಂತದ.”

“ಎಷ್ಟೊತ್ತು?”

“ಹನ್ನೊಂದು ಸೆಕೆಂಡು... ಇನ್ನೂ ನಿಂತದ.” ಹಾಗೆಂದವರೇ ಕೆಂಡ ಮುಟ್ಟಿದವರಂತೆ ಕೈ ಬಿಟ್ಟರು.

ಚನಮಲ್ಲಪ್ಪ ಮಂಚದ ಅಂಚನ್ನು ಬಿಟ್ಟು ಎರಡೂ ಅಂಗೈಗಳನ್ನು ಹೊಸದಾಗಿ ಕಂಡವನಂತೆ ತಿರುಗಿಸಿ ನೋಡಿಕೊಂಡ.

“ಹಂಗಾರ ಚಹಾ ಇಡಬೇ ಯಲ್ಲವ್ವಾ,” ಎಂದ. “ಸಕ್ರಿ ಜಾಸ್ತಿ ಹಾಕ. ಇನ್ನ ಯಾಕ ಹಿಡಿಯೂದು?”

ಅದಾದ ನಾಲ್ಕನೆಯ ದಿನ ಮಧ್ಯಾಹ್ನ ಮುದುಕ ಗೊರಕೆ ಹೊಡೆಯುತ್ತ ಮಲಗಿದ್ದ. ಕರೆಂಟ್ ಹೋಯಿತು. ತಾಸಿನ ಮೇಲೆ ಬಂತು. ಓಣಿಯ ಮಗ್ಗಗಳೆಲ್ಲ ಶುರುವಾದವು. ಚನಮಲ್ಲಪ್ಪ ಮಾತ್ರ ಶುರುವಾಗಲಿಲ್ಲ.

ಇತ್ತ ಮಾಸ್ತರರ ಸ್ಥಿತಿ ಕೇಳುವಂತಿರಲಿಲ್ಲ. ಬೀಳಗಿಯ ಉಪವಾಸದವನು ಅವರಿಗೆ ಒಂದು ಹಾರವನ್ನೂ ಹದಿನಾಲ್ಕು ಹೋಳಿಗೆಯನ್ನೂ ಕಳಿಸಿಕೊಟ್ಟನಂತೆ. ಲೋಕಾಪುರದವನು ಮತ್ತೆ ಎಣ್ಣೆ ಕಾಯಿಸತೊಡಗಿದನಂತೆ. ಇವೆಲ್ಲ ಬಸ್ಸಿನಲ್ಲಿ ಕೇಳುವ ಸುದ್ದಿ. ಗುರುಸಿದ್ದ ಅರ್ಧ ರೊಟ್ಟಿ ಬಿಟ್ಟು ತಾಟಿನಿಂದ ಎದ್ದ. ಒಬ್ಬ ಮುದುಕನ ನಿದ್ದೆಗಾಗಿ ಮಾಸ್ತರರು ತಮ್ಮ ಜೀವಮಾನದ ಮಾತನ್ನೇ ತೊಡೆದುಹಾಕಿದ್ದರು. ಹೋಗಿ ಕಾಲು ಹಿಡಿಯಬೇಕು, ಬೇಕಾದರೆ ಜಮಖಂಡಿಯ ಸಂತೆಯಲ್ಲಿ ನಿಂತು ಕಂಡಿಕೆಯ ಕಥೆ ಹೇಳಬೇಕು ಎಂದು ನಿಶ್ಚಯಿಸಿ, ತಾನೇ ನೇಯ್ದ ಒಂದು ಸೀರೆಯನ್ನು ಕಾಗದದಲ್ಲಿ ಸುತ್ತಿಕೊಂಡು ಮುಂಜಾನೆಯ ಬಸ್ಸು ಹತ್ತಿದ.

ಬಾಗಿಲು ತೆರೆದವರು ಮಾಸ್ತರರ ಹೆಂಡತಿ ವತ್ಸಲಾಬಾಯಿ. “ನೀನ ಏನಪಾ ಗುರುಸಿದ್ದ? ಬಾ. ನಿನ್ನ ಹೆಸರ ಜಪಿಸ್ಲಿಕತ್ತಾರ.”

ಕೋಣೆಯ ಗೋಡೆಯ ತುಂಬ ಹೃದಯದ ಚಿತ್ರಗಳು, ಬಾಣದ ಗುರುತುಗಳು. ಎಲ್ಲದರ ಕೆಳಗೂ ಕೆಂಪು ಶಾಯಿಯಲ್ಲಿ ಹನ್ನೊಂದು ಎಂಬ ಅಂಕಿ. ನಡುವೆ ಮಾಸ್ತರರು ಕೂತಿದ್ದರು. ಮುಖದಲ್ಲಿ ಹತ್ತು ವರ್ಷ ಕಡಿಮೆಯಾಗಿತ್ತು. ಗುರುಸಿದ್ದ ನೆಲಕ್ಕೆ ಹಣೆ ಹಚ್ಚಿದ.

“ನಿಮ್ಮ ಉಪಕಾರ ಮರಿಯಂಗಿಲ್ರಿ. ಕಾಕಾನ ಸಲುವಾಗಿ ನೀವು ಆ ಸುಳ್ಳ...”

“ಯಾವ ಸುಳ್ಳ?”

ಗುರುಸಿದ್ದ ಹಣೆ ಎತ್ತಿದ.

“ನಾ ಸುಳ್ಳ ಹೇಳಿಲ್ಲೋ,” ಎಂದರು ಮಾಸ್ತರರು. ದನಿ ತಗ್ಗಿಸಿದರು. “ಹೊಡೀತದ ಅನ್ನಬೇಕಂತನ ಹಿಡಿದೆ. ಇರಲಿಲ್ಲ. ಕಂಕುಳಾಗ ಏನೂ ಇಲ್ಲ, ಕಂಡಿಕಿ ನನ್ನ ಚೀಲದಾಗ. ಆದರೂ ಇಲ್ಲ! ಇಷ್ಟು ವರ್ಷ ಊರೂರು ತಿರುಗೇನಿ, ಒಂದರ ಖರೆ ಸಿಗ್ತದೇನಂತ. ಎಲ್ಲಾ ಹೋಳಿಗಿ, ಎಲ್ಲಾ ನಿಂಬಿಹಣ್ಣು. ಕಡೀಕ ಒಂದು ಸಿಕ್ಕದ. ಈಗ ರಾತ್ರಿ ನಿದ್ದಿ ಸುದ್ದಾ ಛಲೋ ಬರ್ಲಿಕತ್ತದ ನನಗ.”

ಗುರುಸಿದ್ದ ಮೆಲ್ಲಗೆ ತಿರುಗಿ ತನ್ನ ಹಿಂದಿನ ಗೋಡೆ ನೋಡಿದ.

ವತ್ಸಲಾಬಾಯಿ ಸ್ಟೀಲಿನ ಲೋಟಗಳಲ್ಲಿ ಚಹಾ ತಂದರು. ಒಲೆಯಿಂದ ಆಗತಾನೆ ಇಳಿಸಿದ್ದು. ಗುರುಸಿದ್ದ ಮುಟ್ಟಿದವನೇ ಹಾ ಎಂದು ಕೆಳಗಿಟ್ಟು ಬೆರಳನ್ನು ಬಾಯಿಗಿಟ್ಟುಕೊಂಡ. ಮಾಸ್ತರರು ತಮ್ಮ ಲೋಟವನ್ನು ಮುಷ್ಟಿಯಲ್ಲಿ ಗಟ್ಟಿಯಾಗಿ ಹಿಡಿದು, ಅದರಿಂದಲೇ ಗೋಡೆಯ ಚಿತ್ರಗಳನ್ನು ತೋರಿಸುತ್ತ ಮಾತು ಮುಂದುವರಿಸಿದ್ದರು.

“ಇಡ್ರಿ ಕೆಳಗ! ಮತ್ತ ಗುಳ್ಳಿ ಏಳ್ತಾವ,” ಎಂದು ವತ್ಸಲಾಬಾಯಿ ಕಸಿದುಕೊಂಡರು. “ಸಕ್ರಿ ರೋಗ ಅದಪಾ ಇವರಿಗೆ. ಹೋದ ವರ್ಷದಿಂದ ಬೆರಳಿಗೆ ಬಿಸಿನೂ ತಿಳಿಯಂಗಿಲ್ಲ, ತಣ್ಣಂದೂ ತಿಳಿಯಂಗಿಲ್ಲ. ಅಂಗಿ ಗುಂಡಿ ನಾನ ಹಾಕಬೇಕು.”

ಮಾಸ್ತರರು ಕೆಂಪೇರಿದ ತಮ್ಮ ಬೆರಳತುದಿಗಳನ್ನು ಯಾರದೋ ವಸ್ತುವೆಂಬಂತೆ ಒಮ್ಮೆ ನೋಡಿ, “ಅದಿರ್ಲಿ,” ಎಂದರು. ಮುಂದೆ ಬಾಗಿ, ಅದೇ ಮೂರು ಬೆರಳಿನಿಂದ ಗುರುಸಿದ್ದನ ಮಣಿಕಟ್ಟು ಹಿಡಿದು ಕಣ್ಣು ಮುಚ್ಚಿದರು. ಬಹಳ ಹೊತ್ತು ಹಾಗೇ ಇದ್ದರು.

“ಗುರುಸಿದ್ದಾ,” ಎಂದು ಪಿಸುಗುಟ್ಟಿದರು. “ಈಗೂ ನಿಂತದ.”

ವತ್ಸಲಾಬಾಯಿ ಲೋಟ ಕೆಳಗಿಟ್ಟು ಗುರುಸಿದ್ದನಿಂದ ಎರಡು ಹೆಜ್ಜೆ ಹಿಂದೆ ಸರಿದರು.

ಮಾಸ್ತರರು ವಹಿ ತೆರೆದು ಹೊಸ ಪುಟ ಮಗುಚಿ, ಪೆನ್ನಿನ ಮುಚ್ಚಳವನ್ನು ಹಲ್ಲಿನಿಂದ ತೆಗೆದರು. “ಖರೆ ಹೇಳಬೇಕು. ಅವತ್ತು ಆ ಹನ್ನೊಂದು ಸೆಕೆಂಡು ನಿನಗ ಒಳಗ ಏನು ಅನಿಸ್ತು? ಒಂದೂ ಬಿಡದ ಹೇಳು, ಬರಕೋತೀನಿ.”

ಗುರುಸಿದ್ದ ಚಹಾ ಆರುವವರೆಗೆ ಕಾದ. ಆರಿದ ಮೇಲೆ ಕುಡಿದ. ತಂದಿದ್ದ ಸೀರೆಯನ್ನು ವತ್ಸಲಾಬಾಯಿಯ ಕೈಗೆ ಕೊಟ್ಟು, ಬಸ್ಸಿಗೆ ಹೊತ್ತಾಯಿತೆಂದು ಎದ್ದ.

ಆ ಹನ್ನೊಂದು ಸೆಕೆಂಡೂ ತನ್ನ ಎದೆ ಹೊಡೆದುಕೊಳ್ಳುತ್ತಲೇ ಇತ್ತೆಂದು ಅವನು ಸದಾಶಿವ ಮಾಸ್ತರರಿಗೆ ಅಂದೂ ಹೇಳಲಿಲ್ಲ, ಆಮೇಲೆಯೂ ಹೇಳಲಿಲ್ಲ.